ಮಗಳಿಗೊಂದು ಪತ್ರ: 'ಗೊತ್ತು' ಅನ್ನುವ ಮುಂಚೆ

ಪ್ರೀತಿಯ ಪುಟ್ಟೀ,

ನಿನ್ನ ಪತ್ರ ಬಂತು. ಸಾಹಿತ್ಯ, ಇತಿಹಾಸ, ಸಮಾಜಶಾಸ್ತ್ರ ಮೂರೂ ಸಿಕ್ಕಿವೆ ಅಂತ ಓದಿ ಖುಷಿಯಾಯಿತು. ಕೊನೆಯ ಸಾಲು ಮಾತ್ರ ನನ್ನನ್ನು ಕೆಣಕಲೆಂದೇ ಬರೆದದ್ದು, ಅಲ್ವಾ? 'ಸದ್ಯ, ಗಣಿತದ ಸಹವಾಸ ಮುಗೀತು ಅಮ್ಮಾ. ಮನುಷ್ಯರನ್ನು ಅರ್ಥ ಮಾಡಿಕೊಳ್ಳೋಕೆ ಅದು ಯಾಕೆ ಬೇಕು?' ಗಣಿತ ಪಾಠ ಮಾಡಿಕೊಂಡೇ ಬದುಕಿದವಳನ್ನು ಹೀಗೆ ಕೇಳಿದರೆ ಸುಮ್ನೆ ಇರಲು ಆಗುತ್ತದೆಯೇ? ಉತ್ತರ ಸ್ವಲ್ಪ ಉದ್ದವಾಗಿದೆ. ಒಂದೇ ಸಲಕ್ಕೆ ಓದಿ ಮುಗಿಸಬೇಕು ಅಂತೇನಿಲ್ಲ.

ಎಲ್ಲದರಲ್ಲೂ ಗಣಿತ ಇದೆ ಅಂತ ವಾದ ಮಾಡಲು ನಾನು ಕೂತಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ವಾದವನ್ನು ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ಮಾಡಿ ಮುಗಿಸಿದ್ದಾನೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದವನು. ತನ್ನ 'ಗಣಿತಸಾರಸಂಗ್ರಹ'ದ ಶುರುವಿನಲ್ಲೇ ಒಂದು ಪಟ್ಟಿ ಕೊಡುತ್ತಾನೆ. ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ಅಲಂಕಾರ, ತರ್ಕ, ವ್ಯಾಕರಣ, ಕೊನೆಗೆ ಕಾಮಶಾಸ್ತ್ರವನ್ನೂ ಬಿಟ್ಟಿಲ್ಲ. ಜಾಸ್ತಿ ಮಾತು ಯಾಕೆ, ಮೂರು ಲೋಕದಲ್ಲಿ ಗಣಿತವನ್ನು ಬಿಟ್ಟಿರುವ ವಸ್ತುವೇ ಇಲ್ಲ ಅಂತ ಮುಗಿಸುತ್ತಾನೆ. ತನ್ನ ಕಸುಬನ್ನು ಹೊಗಳದವರು ಯಾರು! ನನಗಂತೂ ಅದು ಸ್ವಲ್ಪ ಅತಿಯಾಯಿತು ಅನ್ನಿಸುತ್ತದೆ. ಒಂದು ಸಂಗತಿಯೊಳಗೆ ಲೆಕ್ಕ ಇದೆ ಅಂದ ಮಾತ್ರಕ್ಕೆ ಆ ಸಂಗತಿ ನಮಗೆ ಅರ್ಥವಾದ ಹಾಗಲ್ಲ.

ನಾನು ಹೇಳಬೇಕು ಅಂದುಕೊಂಡಿರುವುದು ಇದಕ್ಕಿಂತ ಚಿಕ್ಕದು. 'ನನಗೆ ಗೊತ್ತು' ಅಂತ ದಿನಕ್ಕೆ ಎಷ್ಟೋ ಸಲ ಹೇಳುತ್ತೇವಲ್ಲ, ಆ 'ಗೊತ್ತು' ಎಷ್ಟು ಗಟ್ಟಿ, ಯಾವುದರ ಮೇಲೆ ನಿಂತಿದೆ ಅಂತ ನೋಡುವುದಕ್ಕೆ ಗಣಿತದಷ್ಟು ಬೆಳಕಿರುವ ಜಾಗ ಇನ್ನೊಂದಿಲ್ಲ.

ಮಹಾವೀರನ ಪಟ್ಟಿಯಿಂದ ಛಂದಸ್ಸನ್ನೇ ತೆಗೆದುಕೊಳ್ಳೋಣ, ನಿನಗೆ ಹತ್ತಿರದ್ದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಕಂದಪದ್ಯದಲ್ಲಿ ನಾಲ್ಕು ಮಾತ್ರೆಯ ಗಣಗಳು ಬರುತ್ತವೆ. ನಾಲ್ಕು ಮಾತ್ರೆಯನ್ನು ಎಷ್ಟು ಬಗೆಯಲ್ಲಿ ತುಂಬಬಹುದು? ಬರೆದು ನೋಡು. ಗುರು ಗುರು. ಗುರು ಲಘು ಲಘು. ಲಘು ಗುರು ಲಘು. ಲಘು ಲಘು ಗುರು. ನಾಲ್ಕೂ ಲಘು. ಐದು ಬಗೆ, ಆರನೆಯದು ಸಿಗುವುದಿಲ್ಲ. ಮೂರು ಮಾತ್ರೆಗೆ ಮೂರು ಬಗೆ, ಎರಡಕ್ಕೆ ಎರಡು, ಒಂದಕ್ಕೆ ಒಂದೇ. ಐದು ಮಾತ್ರೆಗೆ ಎಂಟು. ಸಾಲಾಗಿ ಇಟ್ಟರೆ 1, 2, 3, 5, 8. ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು. ಈಗ ಇದಕ್ಕೆ ಫಿಬೊನಾಚಿ ಸರಣಿ ಅಂತ ಹೆಸರು. ಇಟಲಿಯ ಗಣಿತಜ್ಞ ಫಿಬೊನಾಚಿ ಮೊಲಗಳ ಲೆಕ್ಕದಲ್ಲಿ ಇದನ್ನು ಬರೆದದ್ದು 1202ರಲ್ಲಿ. ವಿರಹಾಂಕ, ಹೇಮಚಂದ್ರ ಅನ್ನುವ ಛಂದಸ್ಸಿನ ಪಂಡಿತರು ಮಾತ್ರೆ ಎಣಿಸುತ್ತಾ ಎಣಿಸುತ್ತಾ ಅದಕ್ಕೂ ಮೊದಲೇ ಇಲ್ಲಿಗೆ ಬಂದಿದ್ದರು.

ಯಾರು ಮೊದಲು ಅನ್ನುವ ಜಗಳ ಬೇರೆಯವರಿಗೆ ಇರಲಿ. ನನಗೆ ಬೇಕಾದದ್ದು ಇದು: ಆರು ಮಾತ್ರೆಗೆ ಹದಿಮೂರು ಬಗೆ ಬರುತ್ತದೆ ಅಂತ ನನಗೆ ಒಂದನ್ನೂ ಬರೆಯದೆ ಗೊತ್ತು. ಹೇಗೆ ಹೇಳು? ಆರು ಮಾತ್ರೆಯ ಯಾವ ಸಾಲಾದರೂ ತಗೋ, ಅದು ಲಘುವಿನಲ್ಲಿ ಮುಗಿಯಬೇಕು, ಇಲ್ಲ ಗುರುವಿನಲ್ಲಿ ಮುಗಿಯಬೇಕು. ಲಘುವಿನಲ್ಲಿ ಮುಗಿದರೆ ಅದರ ಹಿಂದೆ ಐದು ಮಾತ್ರೆ ಇವೆ, ಅದಕ್ಕೆ ಎಂಟು ಬಗೆ. ಗುರುವಿನಲ್ಲಿ ಮುಗಿದರೆ ಹಿಂದೆ ಉಳಿಯುವುದು ನಾಲ್ಕು, ಅದಕ್ಕೆ ಐದು ಬಗೆ. ಎಂಟೂ ಐದೂ ಹದಿಮೂರು. ಮೂರನೆಯ ದಾರಿಯೇ ಇಲ್ಲ. ಅರವತ್ತು ಮಾತ್ರೆಗೂ ಇದೇ ಮಾತು. ಅಷ್ಟು ಬಗೆಗಳನ್ನು ಯಾರೂ ಕೂತು ಬರೆದಿಲ್ಲ, ಬರೆಯುವುದು ಸಾಧ್ಯವೂ ಇಲ್ಲ. ಆದರೂ ಎಷ್ಟು ಅಂತ ಗೊತ್ತು. ಹೇಮಚಂದ್ರನ ಮೇಲೆ ಭಕ್ತಿ ಇಟ್ಟುಕೊಂಡು ಒಪ್ಪಬೇಕಾದ ಮಾತಲ್ಲ ಇದು. ನೀನೇ ಈಗ ಒಪ್ಪಿದೆ, ನಿನ್ನ ತಲೆಯಿಂದಲೇ.

ಈಗ ಇನ್ನೊಂದು ಆಟ. ಒಂದು ಸಂಖ್ಯೆ ತಗೋ. ಅದನ್ನು ಅದರಿಂದಲೇ ಗುಣಿಸು, ಬಂದದ್ದರಲ್ಲಿ ಅದೇ ಸಂಖ್ಯೆಯನ್ನು ಕಳೆ, ಆಮೇಲೆ 41 ಕೂಡಿಸು. 1 ತಗೊಂಡರೆ 41. 2ಕ್ಕೆ 43. 3ಕ್ಕೆ 47, 4ಕ್ಕೆ 53, 5ಕ್ಕೆ 61. ಎಲ್ಲವೂ ಅವಿಭಾಜ್ಯ ಸಂಖ್ಯೆಗಳು. 10ಕ್ಕೆ 131, 20ಕ್ಕೆ 421, 30ಕ್ಕೆ 911. ಮಧ್ಯದಲ್ಲಿ ಯಾವುದನ್ನು ಹಾಕಿದರೂ ಅವಿಭಾಜ್ಯವೇ ಬರುತ್ತದೆ. 40ಕ್ಕೆ 1601, ಅದೂ ಅಷ್ಟೇ. ಒಂದೂ ತಪ್ಪದೆ ನಲವತ್ತು ಸಲ. 41ಕ್ಕೆ ಬಂದರೆ 1681, ಅಂದರೆ 41ರ ವರ್ಗ. ಅಲ್ಲಿಗೆ ಕಥೆ ಮುಗಿಯಿತು. (41 ಹಾಕಿದರೆ ಮುರಿಯುತ್ತದೆ ಅಂತ ಮೊದಲೇ ಹೊಳೆಯಬೇಕಿತ್ತು. ತರಗತಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಅಷ್ಟು ಸಲ ಸರಿ ಬಂದ ಮೇಲೆ ಮನಸ್ಸು ನೋಡುವುದನ್ನೇ ಬಿಟ್ಟಿರುತ್ತದೆ.) ಇದನ್ನು ಆಯ್ಲರ್ 1772ರಲ್ಲಿ ತೋರಿಸಿದ. ಇದಾದರೂ ವಾಸಿ. 1919ರಲ್ಲಿ ಜಾರ್ಜ್ ಪೋಲ್ಯ ಸಂಖ್ಯೆಗಳ ಅವಿಭಾಜ್ಯ ಅಪವರ್ತನಗಳ ಬಗ್ಗೆ ಒಂದು ಊಹೆ ಮಾಡಿದ್ದ. ಅದು ಮೊದಲ ಸಲ ತಪ್ಪುವುದು 90,61,50,257ಕ್ಕೆ ಬಂದಾಗ. ತೊಂಬತ್ತು ಕೋಟಿ ದಾಟುವವರೆಗೂ ಸರಿ, ಆಮೇಲೆ ತಪ್ಪು!

ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಈ ಎರಡನೆಯ ಜಾತಿಯದು. ಈ ಔಷಧಿ ಕೆಲಸ ಮಾಡುತ್ತದೆ, ಇಂಥ ಕಾಲದಲ್ಲಿ ಮಳೆ ಬರುತ್ತದೆ, ಜನ ಹೀಗೇ ನಡೆದುಕೊಳ್ಳುತ್ತಾರೆ. ಇಲ್ಲಿಯವರೆಗೆ ಹಾಗೆ ಆಗಿದೆ, ಅಷ್ಟೇ. ಅದನ್ನು ಕೀಳು ಮಾಡುತ್ತಿಲ್ಲ ಕಣೇ, ಅದಿಲ್ಲದೆ ಒಂದು ದಿನವೂ ಬದುಕು ನಡೆಯುವುದಿಲ್ಲ. ಆದರೆ 'ಇಲ್ಲಿಯವರೆಗೆ ಹೀಗಿದೆ' ಅನ್ನುವುದಕ್ಕೂ 'ಹೀಗಲ್ಲದೆ ಬೇರೆ ದಾರಿ ಇಲ್ಲ' ಅನ್ನುವುದಕ್ಕೂ ಇರುವ ಅಂತರವನ್ನು ಒಮ್ಮೆ ಕಣ್ಣಾರೆ ಕಂಡವರನ್ನು ಸುಲಭಕ್ಕೆ ನಂಬಿಸಲು ಆಗುವುದಿಲ್ಲ.

ಸರಿ, ಕಾಗದದ ಮೇಲಿನ ಮಾತಾಯಿತು. ಹೊರಗಿನ ಜಗತ್ತಿನ ಕಥೆ ಏನು?

1781ರಲ್ಲಿ ವಿಲಿಯಂ ಹರ್ಷೆಲ್ ಯುರೇನಸ್ ಗ್ರಹವನ್ನು ಕಂಡುಹಿಡಿದ. ಕೆಲವು ದಶಕ ಕಳೆಯುವಷ್ಟರಲ್ಲಿ ಅದು ಲೆಕ್ಕ ಹೇಳಿದ ದಾರಿಯಲ್ಲಿ ಹೋಗುತ್ತಿಲ್ಲ ಅಂತ ಎಲ್ಲರಿಗೂ ಗೊತ್ತಾಯಿತು. ನ್ಯೂಟನ್ನನ ಗುರುತ್ವ ನಿಯಮ ಅಷ್ಟು ದೂರದಲ್ಲಿ ತಪ್ಪಿರಬೇಕು, ಇಲ್ಲವೇ ಕಣ್ಣಿಗೆ ಕಾಣದ ಏನೋ ಒಂದು ಅದನ್ನು ಎಳೆಯುತ್ತಿರಬೇಕು. ಪ್ಯಾರಿಸ್ಸಿನ ಲೆವೆರಿಯೇ ಎರಡನೆಯದನ್ನು ಹಿಡಿದ. ಎಳೆತ ಇಷ್ಟಿದ್ದರೆ ಎಳೆಯುತ್ತಿರುವುದು ಎಲ್ಲಿರಬೇಕು ಅಂತ ಹಿಂದಿನಿಂದ ಲೆಕ್ಕ ಹಾಕಿದ. ಇಂಗ್ಲೆಂಡಿನಲ್ಲಿ ಆ್ಯಡಮ್ಸ್ ಅನ್ನುವವನೂ ಅದೇ ಹೊತ್ತಿಗೆ ಅದೇ ಲೆಕ್ಕದಲ್ಲಿ ತೊಡಗಿದ್ದ. ಲೆವೆರಿಯೇ ತಾನಾಗಿ ಹುಡುಕಲು ಹೋಗಲಿಲ್ಲ. ಬರ್ಲಿನ್ ವೀಕ್ಷಣಾಲಯದ ಗಾಲೆಗೆ ಕಾಗದ ಬರೆದು, ಇಂಥ ಜಾಗದಲ್ಲಿ ನೋಡು ಅಂದ. ಕಾಗದ ತಲುಪಿದ್ದು 1846ರ ಸೆಪ್ಟೆಂಬರ್ 23ಕ್ಕೆ. ಅಂದು ರಾತ್ರಿಯೇ ಗಾಲೆ ದೂರದರ್ಶಕವನ್ನು ಆ ಕಡೆ ತಿರುಗಿಸಿದ. ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ನೆಪ್ಚೂನ್ ಇತ್ತು.

ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ, ಚಪ್ಪಾಳೆ ಬೀಳುವುದೂ ಇಲ್ಲೇ. ನನಗೆ ಇಷ್ಟವಾಗುವುದು ಮುಂದಿನ ಭಾಗ. ಬುಧನ ವಿಷಯದಲ್ಲೂ ಒಂದು ತಕರಾರಿತ್ತು. ಅದು ಸೂರ್ಯನಿಗೆ ಅತಿ ಹತ್ತಿರ ಬರುವ ಬಿಂದು ಇದ್ದಲ್ಲೇ ಇರುವುದಿಲ್ಲ, ಸುತ್ತು ಸುತ್ತಿಗೂ ಒಂಚೂರು ಸರಿಯುತ್ತದೆ. ಉಳಿದ ಗ್ರಹಗಳ ಎಳೆತವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಸ್ವಲ್ಪ ಉಳಿದುಬಿಡುತ್ತದೆ. ಎಷ್ಟು ಅಂದುಕೊಂಡೆ? ಒಂದು ಡಿಗ್ರಿಯನ್ನು 3,600 ಭಾಗ ಮಾಡು, ಅದರಲ್ಲಿ 43. ಅದೂ ನೂರು ವರ್ಷಕ್ಕೆ! ಬೇರೆ ವಿದ್ಯೆಯಾಗಿದ್ದರೆ 'ಹೋಗಲಿ ಬಿಡಿ, ಇಷ್ಟು ಹೊಂದಿದ್ದೇ ದೊಡ್ಡದು' ಅಂತಿದ್ದರು. ಲೆವೆರಿಯೇ ಬಿಡಲಿಲ್ಲ. 1859ರಲ್ಲಿ ಹಳೆಯ ಉಪಾಯವನ್ನೇ ಮತ್ತೆ ಹೂಡಿದ. ಬುಧನಿಗಿಂತ ಒಳಗೆ, ಸೂರ್ಯನ ಹತ್ತಿರ, ಕಾಣದ ಏನೋ ಇರಬೇಕು ಅಂದ. ಹಳ್ಳಿಯ ವೈದ್ಯನೊಬ್ಬ ಅಂಥದ್ದೊಂದನ್ನು ನೋಡಿದೆ ಅಂತಲೂ ಹೇಳಿದ. ಆ ಗ್ರಹಕ್ಕೆ ವಲ್ಕನ್ ಅಂತ ನಾಮಕರಣವೂ ಆಯಿತು. 1877ರಲ್ಲಿ ಸಾಯುವವರೆಗೂ ಲೆವೆರಿಯೇ ಅದನ್ನು ನಂಬಿದ್ದ. ಆದರೆ ವಲ್ಕನ್ ಇರಲೇ ಇಲ್ಲ. ಈ ಸಲ ಬದಲಾಗಬೇಕಿದ್ದದ್ದು ನಿಯಮ. 1915ರಲ್ಲಿ ಐನ್‌ಸ್ಟೈನ್‌ನ ಗುರುತ್ವ ಸಿದ್ಧಾಂತ ಬಂದಾಗ ಆ 43 ಲೆಕ್ಕದಲ್ಲಿ ತಾನಾಗಿಯೇ ಬಂತು. ಹೊಸ ಗ್ರಹದ ಅಗತ್ಯವೇ ಬೀಳಲಿಲ್ಲ.

ಅದೇ ಮನುಷ್ಯ, ಅದೇ ಜಾಣತನ, ಅದೇ ಬಗೆಯ ಲೆಕ್ಕ. ಒಂದು ಸಲ ಗ್ರಹ ಸಿಕ್ಕಿತು, ಇನ್ನೊಂದು ಸಲ ಇಲ್ಲದ ಗ್ರಹಕ್ಕೆ ಹೆಸರಿಟ್ಟು ಕೂತರು. ಇದರಲ್ಲಿ ಗಣಿತದ ತಪ್ಪೇನು ಬಂತು? ಇದು ಹೀಗಿದ್ದರೆ ಅದು ಹಾಗಿರಲೇಬೇಕು, ಇಷ್ಟನ್ನೇ ಅದು ಹೇಳುವುದು. ಆ 'ಹೀಗಿದ್ದರೆ' ನಮ್ಮ ತಲೆಯ ಮೇಲಿನ ಹೊಣೆ. ಜಗತ್ತು ಹೇಗಿದೆ ಅಂತ ಬರೀ ಲೆಕ್ಕದಿಂದ ತಿಳಿಯುವುದಿಲ್ಲ. ಹಾಗಂತ ಲೆಕ್ಕ ಇಲ್ಲದಿದ್ದರೆ ಆ ಪುಟ್ಟ 43 ಕಣ್ಣಿಗೇ ಬೀಳುತ್ತಿರಲಿಲ್ಲ. ನಮ್ಮ ತಿಳುವಳಿಕೆ ಎಲ್ಲಿ ಜಗತ್ತಿಗೆ ಹೊಂದುತ್ತಿಲ್ಲ ಅನ್ನುವುದನ್ನು ಅಷ್ಟು ಸಣ್ಣದಾಗಿ, ಅಷ್ಟು ಹಟ ಹಿಡಿದು ತೋರಿಸುವುದು ಅದರ ದೊಡ್ಡ ಉಪಕಾರ ಅಂತ ನನ್ನ ಲೆಕ್ಕ.

ಐನ್‌ಸ್ಟೈನ್‌ಗೆ ಬೇಕಾದ ಜ್ಯಾಮಿತಿ ಎಲ್ಲಿಂದ ಬಂತು ಅನ್ನುವುದು ಇನ್ನೂ ಚೆಂದದ ಕಥೆ. ಅದರಲ್ಲೂ ಒಂದು ಪತ್ರ ಇದೆ, ಅಪ್ಪ ಮಗನಿಗೆ ಬರೆದದ್ದು. ಒಂದು ರೇಖೆ, ಅದರ ಹೊರಗೆ ಒಂದು ಬಿಂದು. ಆ ಬಿಂದುವಿನ ಮೂಲಕ ರೇಖೆಗೆ ಸಮಾಂತರವಾಗಿ ಒಂದೇ ಒಂದು ರೇಖೆ ಎಳೆಯಬಹುದು. ಶಾಲೆಯಲ್ಲಿ ಓದಿದ್ದು ನೆನಪಿದೆಯಾ? ಕ್ರಿ.ಪೂ. 300ರ ಸುಮಾರಿಗೆ ಯೂಕ್ಲಿಡ್ ಇದೇ ಅರ್ಥದ ಮಾತನ್ನು ಸಾಧನೆ (ಪುರಾವೆ) ಕೇಳದೆ ಒಪ್ಪಿಕೊಂಡು ಮುಂದೆ ಹೋಗಿದ್ದ. ಇಷ್ಟು ಸ್ಪಷ್ಟವಾಗಿರುವುದನ್ನು ಹೀಗೇ ಒಪ್ಪಿಕೊಂಡ ಉಳಿದ ಮಾತುಗಳಿಂದಲೇ ಸಾಧಿಸಬಹುದಲ್ಲ ಅಂತ ಎರಡು ಸಾವಿರ ವರ್ಷ ಜನ ಒದ್ದಾಡಿದರು. ಹಂಗೇರಿಯ ಫಾರ್ಕಶ್ ಬೊಯಾಯಿ ಕೂಡ ಅದಕ್ಕೆ ತನ್ನ ವರ್ಷಗಳನ್ನು ಸುರಿದವನು. ಮಗ ಯಾನೋಶ್ ಅದೇ ದಾರಿ ಹಿಡಿದಾಗ 1820ರಲ್ಲಿ ಗಾಬರಿಬಿದ್ದು ಬರೆದ. ದೇವರಾಣೆ ಸಮಾಂತರ ರೇಖೆಗಳ ಗೊಡವೆಗೆ ಹೋಗಬೇಡ, ನಿನ್ನ ಸಮಯ, ಆರೋಗ್ಯ, ನೆಮ್ಮದಿ ಎಲ್ಲವನ್ನೂ ಅದು ತಿಂದುಹಾಕುತ್ತದೆ ಅನ್ನುವ ಅರ್ಥದಲ್ಲಿ.

ಮಗ ಕೇಳಲಿಲ್ಲ. ಆದರೆ ಅಪ್ಪ ಮಾಡಿದ್ದನ್ನೂ ಮಾಡಲಿಲ್ಲ. ಆ ಮಾತನ್ನು ಸಾಧಿಸುವ ಬದಲು ಕೈಬಿಟ್ಟರೆ ಏನಾಗುತ್ತದೆ ಅಂತ ನೋಡಿದ. ಏನೂ ಕುಸಿಯಲಿಲ್ಲ. ಬೇರೆಯದೇ ಒಂದು ಜ್ಯಾಮಿತಿ ಎದ್ದು ನಿಂತಿತು. ರಷ್ಯಾದಲ್ಲಿ ಲೊಬಾಚೆವ್‌ಸ್ಕಿ 1829ರಲ್ಲೇ ಅದನ್ನು ಪ್ರಕಟಿಸಿದ್ದ, ಒಬ್ಬರದ್ದು ಒಬ್ಬರಿಗೆ ಗೊತ್ತಿರಲಿಲ್ಲ. ಯಾನೋಶನ ಬರಹ ಬಂದದ್ದು 1832ರಲ್ಲಿ, ಬೇಡ ಬೇಡ ಅಂದಿದ್ದ ಅಪ್ಪನ ಪುಸ್ತಕದ ಕೊನೆಯಲ್ಲಿ ಅನುಬಂಧವಾಗಿ! ಅಪ್ಪ ಅದನ್ನು ತನ್ನ ಗೆಳೆಯ, ದೊಡ್ಡ ಗಣಿತಜ್ಞ ಗೌಸ್‌ಗೆ ಕಳಿಸಿದರೆ, ಇದನ್ನು ಹೊಗಳಿದರೆ ನನ್ನನ್ನೇ ಹೊಗಳಿಕೊಂಡ ಹಾಗೆ, ನಾನೂ ಇದನ್ನೆಲ್ಲ ಯೋಚಿಸಿದ್ದೆ ಅಂತ ಉತ್ತರ ಬಂತು. ಗೌಸ್ ಎಷ್ಟೇ ದೊಡ್ಡವನಿರಲಿ, ಆ ಕಾಗದ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಯೂಕ್ಲಿಡನನ್ನು ಬಿಟ್ಟು ಹೊರಗೆ ಬರುವುದು ಅಂದರೆ ಏನು ಅಂತ ಒಂದು ಭೂಗೋಳ ಹಿಡಿದು ನೋಡು. ಉತ್ತರ ಧ್ರುವದಿಂದ ಒಂದು ಗೆರೆ ನೇರ ಸಮಭಾಜಕ ವೃತ್ತಕ್ಕೆ ಇಳಿಸು. ಅಲ್ಲಿಂದ ಲಂಬವಾಗಿ ತಿರುಗಿ ಸಮಭಾಜಕದ ಮೇಲೆಯೇ ಕಾಲು ಸುತ್ತು ಹೋಗು. ಮತ್ತೆ ಲಂಬವಾಗಿ ತಿರುಗಿ ಧ್ರುವಕ್ಕೆ ಹತ್ತು. ಮೂರು ಗೆರೆ, ಒಂದು ತ್ರಿಕೋನ. ಮೂರೂ ಮೂಲೆಯಲ್ಲಿ 90 ಡಿಗ್ರಿ, ಒಟ್ಟು 270. 180 ಎಲ್ಲಿ ಹೋಯಿತು? ಅದು ಚಪ್ಪಟೆ ಕಾಗದದ ಸತ್ಯ ಆಗಿತ್ತು. ರೀಮನ್ 1854ರಲ್ಲಿ ಇಂಥ ಬಾಗಿದ ಜಾಗಗಳಿಗೆಲ್ಲ ಸೇರಿ ಒಂದು ಜ್ಯಾಮಿತಿ ಕಟ್ಟಿಕೊಟ್ಟ. ಐನ್‌ಸ್ಟೈನ್ ಕೈಗೆ ಬಂದದ್ದು ಅದೇ.

ಎಲ್ಲರಿಗೂ ಗೊತ್ತು ಅಂದುಕೊಂಡ ಮಾತು ನಾವು ಸುಮ್ಮನೆ ಒಪ್ಪಿಕೊಂಡ ಮಾತಾಗಿರಬಹುದು. ಅದನ್ನು ಒಂದೊಂದಾಗಿ ಬಿಡಿಸಿ ಹೆಸರಿಡುವ ಅಭ್ಯಾಸ ನಿನ್ನ ಇತಿಹಾಸಕ್ಕೂ ಬೇಕಾಗುತ್ತದೆ. ಗಣಿತದವರೂ ಇದರಲ್ಲಿ ಎಡವಿದ್ದಾರೆ. ನಮ್ಮ ಮಹಾವೀರನೇ ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಬಾಗಿಲು ಹಾಕಿದ್ದ. 1572ರಲ್ಲಿ ಬೊಂಬೆಲ್ಲಿ ಅದೇ ಬಾಗಿಲು ತೆಗೆದು ಲೆಕ್ಕ ಮಾಡಿ ಸರಿಯಾದ ಉತ್ತರಕ್ಕೆ ಬಂದ. ಪರಮಾಣುವಿನ ಒಳಗಿನ ನಡೆಯನ್ನು ಹೇಳುವ ಶ್ರೋಡಿಂಗರ್ ಸಮೀಕರಣದಲ್ಲಿ (1926) ಎದುರಿಗೇ ಕೂತಿರುವುದು −1ರ ವರ್ಗಮೂಲ.

ಗಣಿತಕ್ಕೂ ಕೊನೆಯ ಗೋಡೆ ಇದೆ. 1930ರ ಸೆಪ್ಟೆಂಬರಿನಲ್ಲಿ ಕೊನಿಗ್ಸ್‌ಬರ್ಗ್‌ನಲ್ಲಿ ಹಿಲ್ಬರ್ಟ್ ಅನ್ನುವ ಹೆಸರಾಂತ ಗಣಿತಜ್ಞ, ನಾವು ತಿಳಿಯಲೇಬೇಕು, ತಿಳಿದೇ ತಿಳಿಯುತ್ತೇವೆ ಅಂತ ಭಾಷಣ ಮಾಡಿದ. ಅದರ ಹಿಂದಿನ ದಿನವೇ ಅದೇ ಊರಿನ ಇನ್ನೊಂದು ಸಭೆಯಲ್ಲಿ ಕುರ್ಟ್ ಗೋಡೆಲ್ ಅನ್ನುವ ಹುಡುಗ ಮೆಲ್ಲಗೆ ಬೇರೆ ಮಾತು ಹೇಳಿ ಮುಗಿಸಿದ್ದ. ಯಾವ ನಿಯಮಗಳ ಕಟ್ಟು ಹಾಕಿಕೊಂಡರೂ, ಅದರಲ್ಲಿ ವಿರೋಧ ಇಲ್ಲದಿದ್ದರೆ, ಸಾಮಾನ್ಯ ಅಂಕಗಣಿತವನ್ನು ಹಿಡಿಸುವಷ್ಟು ದೊಡ್ಡದಿದ್ದರೆ, ಅದರೊಳಗೆ ಸರಿ ಅಂತಲೂ ತಪ್ಪು ಅಂತಲೂ ಸಾಧಿಸಲಾಗದ ಮಾತು ಒಂದಾದರೂ ಇರುತ್ತದೆ. 1931ರಲ್ಲಿ ಅದರ ಸಾಧನೆ ಪ್ರಕಟವಾಯಿತು. ಇದನ್ನು ಹಿಡಿದುಕೊಂಡು 'ನೋಡಿ, ಯಾವುದೂ ಖಚಿತ ಅಲ್ಲ' ಅಂತ ಭಾಷಣ ಬಿಗಿಯುವವರು ನಿನಗೆ ಕಾಲೇಜಿನಲ್ಲಿ ಸಿಗುತ್ತಾರೆ. ಗೋಡೆಲ್ ಹಾಗೆ ಹೇಳಲಿಲ್ಲ. ಗೋಡೆ ಎಲ್ಲಿದೆ ಅನ್ನುವುದನ್ನೂ ಅವನು ಸಾಧಿಸಿಯೇ ತೋರಿಸಿದ. ತನಗೆ ಏನು ತಿಳಿಯಲಾರದು ಅಂತ ಇಷ್ಟು ಖಚಿತವಾಗಿ ಹೇಳಿದ ಬೇರೆ ವಿದ್ಯೆ ನನಗಂತೂ ಗೊತ್ತಿಲ್ಲ.

ಇನ್ನು ನಿನ್ನ ಮನುಷ್ಯರ ವಿಷಯ. 1973ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಉನ್ನತ ವ್ಯಾಸಂಗಕ್ಕೆ ಅರ್ಜಿ ಹಾಕಿದ ಗಂಡಸರಲ್ಲಿ ಸುಮಾರು 44% ಜನರಿಗೆ ಸೀಟು ಸಿಕ್ಕಿತ್ತು, ಹೆಂಗಸರಲ್ಲಿ ಸುಮಾರು 35%. ತಾರತಮ್ಯ ಎದ್ದು ಕಾಣುತ್ತದೆ ಅಲ್ವಾ? ಯಾವ ವಿಭಾಗ ಹೀಗೆ ಮಾಡಿದೆ ಅಂತ ಒಂದೊಂದಾಗಿ ತೆಗೆದು ನೋಡಿದರೆ ಬೆರಳೆಣಿಕೆಯ ವಿಭಾಗಗಳಷ್ಟೇ ಸಿಕ್ಕವು. ಒಟ್ಟಾರೆ ಹೆಂಗಸರ ಕಡೆಗೇ ಸ್ವಲ್ಪ ಒಲವು ಕಂಡಿತು. ಹೀಗೂ ಆಗುತ್ತದಾ ಅಂತ ಕೇಳುತ್ತೀಯ. ನಾನೇ ಸಣ್ಣ ಸಂಖ್ಯೆಗಳನ್ನು ಕಟ್ಟಿ ಕೊಡುತ್ತೇನೆ, ಪೆನ್ನು ತಗೋ.

ಎರಡೇ ವಿಭಾಗ ಇವೆ ಅಂದುಕೊ. ಮೊದಲನೆಯದರಲ್ಲಿ ಸೀಟು ಸುಲಭ. ಅಲ್ಲಿಗೆ 80 ಗಂಡಸರು ಅರ್ಜಿ ಹಾಕಿದರು, 48 ಜನಕ್ಕೆ ಸಿಕ್ಕಿತು, ಅಂದರೆ 60%. ಹೆಂಗಸರು 20, ಸಿಕ್ಕಿದ್ದು 13, ಅಂದರೆ 65%. ಎರಡನೆಯದು ಕಷ್ಟದ್ದು. ಅಲ್ಲಿಗೆ 20 ಗಂಡಸರು, ಸಿಕ್ಕಿದ್ದು 4, ಅಂದರೆ 20%. ಹೆಂಗಸರು 80, ಸಿಕ್ಕಿದ್ದು 20, ಅಂದರೆ 25%. ಎರಡು ಕಡೆಯೂ ಹೆಂಗಸರದ್ದೇ ಮೇಲುಗೈ. ಈಗ ಕೂಡಿಸು. ನೂರು ಗಂಡಸರಲ್ಲಿ 52 ಜನಕ್ಕೆ ಸೀಟು, ನೂರು ಹೆಂಗಸರಲ್ಲಿ 33ಕ್ಕೆ. ಕೈಚಳಕ ಏನೂ ಇಲ್ಲ, ಮತ್ತೆ ಮತ್ತೆ ಕೂಡಿಸಿ ನೋಡು. ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದು ಸೀಟು ಸಿಗುವುದೇ ಕಷ್ಟವಾದ ಕಡೆಗೆ. ಬರ್ಕ್ಲಿಯಲ್ಲೂ ಆದದ್ದು ಇದೇ.

ಹಾಗಾದರೆ ಅನ್ಯಾಯ ಇರಲಿಲ್ಲವೇ? ಗಣಿತ ಇಲ್ಲಿಗೆ ಬಂದು ನಿಲ್ಲುತ್ತದೆ. ಅನ್ಯಾಯವನ್ನು ಆಯ್ಕೆ ಸಮಿತಿಯ ಕೋಣೆಯಲ್ಲಿ ಹುಡುಕಬೇಡಿ ಅಂತ ಅದು ಹೇಳಿತು. ಹೆಂಗಸರು ಆ ವಿಭಾಗಗಳಿಗೇ ಯಾಕೆ ಹೋದರು, ಶಾಲೆಯಲ್ಲಿ ಯಾರು ಅವರನ್ನು ಯಾವುದರಿಂದ ದೂರ ಇಟ್ಟರು, ಹೆಂಗಸರು ಜಾಸ್ತಿ ಬರುವ ವಿಭಾಗಗಳಲ್ಲಿ ಸೀಟು ಯಾಕೆ ಕಡಿಮೆ? ಈ ಪ್ರಶ್ನೆಗಳು ಸಂಖ್ಯೆಯಿಂದ ಬಗೆಹರಿಯುವಂಥವಲ್ಲ. ಅವು ನಿನ್ನವು. ಆದರೆ ಆ 44, 35ನ್ನು ನೋಡಿದ ಕೂಡಲೇ ಬೀದಿಗಿಳಿದವರೂ, ವಿಭಾಗವಾರು ಪಟ್ಟಿ ಹಿಡಿದು ಎಲ್ಲ ಸರಿಯಾಗಿದೆ ಅಂತ ಕೈತೊಳೆದುಕೊಂಡವರೂ ಈ ಪ್ರಶ್ನೆಗಳ ಹತ್ತಿರಕ್ಕೇ ಬರುವುದಿಲ್ಲ.

ಐಚ್ಛಿಕ ಪತ್ರಿಕೆಗಳಲ್ಲಿ ಸಂಖ್ಯಾಶಾಸ್ತ್ರವೂ ಇದೆ ಅಂತ ಬರೆದಿದ್ದೀಯಲ್ಲ, ಅದನ್ನು ತಗೋ ಅಂತ ನನ್ನ ಸಲಹೆ. ಸೂತ್ರ ಬಾಯಿಪಾಠ ಮಾಡಿಸುವ ಮೇಷ್ಟ್ರು ಸಿಕ್ಕರೆ ಮಾತ್ರ ಮೊದಲ ವಾರದಲ್ಲೇ ಬಿಟ್ಟುಬಿಡು, ಅದರಿಂದ ಗಣಿತದ ಮೇಲೆ ಇನ್ನಷ್ಟು ಸಿಟ್ಟು ಬರುತ್ತದೆ ಅಷ್ಟೆ. ಅರ್ಜಿಯ ಕೊನೆಯ ದಿನ ಯಾವಾಗ ಅಂತ ನೀನು ಬರೆದಿಲ್ಲ, ವಿಚಾರಿಸಿಕೊ. ಬೇಡ ಅಂದರೂ ನನಗೆ ಬೇಜಾರಿಲ್ಲ. ಫಾರ್ಕಶ್ ಬೊಯಾಯಿಯ ಪತ್ರಕ್ಕೆ ಮಗ ಎಷ್ಟು ಬೆಲೆ ಕೊಟ್ಟ ಅಂತ ಗೊತ್ತಿದ್ದೂ ಇಷ್ಟುದ್ದ ಬರೆದಿದ್ದೇನೆ.

ಪ್ರೀತಿಯಿಂದ,
ಅಮ್ಮ